ಬರ ಬಂದಾಗ ಮನೆಯಲ್ಲಿ ಮೊದಲು ಕಡಿತವಾಗುವುದು ಯಾವುದು?



ಬರ ಎಂದರೆ ಹಳ್ಳಿಯವರ ಕಷ್ಟ, ನಮಗೇನು ಎಂಬ ಮಾತು ನಮ್ಮ ಬಡಾವಣೆಗಳಲ್ಲಿ ಬಹಳ ದಿನ ಚಲಾವಣೆಯಲ್ಲಿತ್ತು. 2023ರ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಯಿತು. 2024ರ ಮಾರ್ಚ್ ಹೊತ್ತಿಗೆ ಬೆಂಗಳೂರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ 6,900ರಷ್ಟು ಬತ್ತಿವೆಯೆಂದು ಸರ್ಕಾರವೇ ಹೇಳಿತು. ಕಗ್ಗದಾಸಪುರದಿಂದ ಕೆ.ಆರ್. ಪುರದವರೆಗೆ ಖಾಲಿ ಬಿಂದಿಗೆಗಳ ಸಾಲನ್ನು ನೀವೂ ಕಂಡಿದ್ದೀರಿ.

ಇಲ್ಲೊಂದು ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ಪೆನ್ನು ತೆಗೆಯಿರಿ. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತವು 5 ಕಿ.ಮೀ. ಒಳಗೆ ತರುವ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ದರ ಗೊತ್ತುಮಾಡಿತು. ಲೀಟರಿಗೆ 10 ಪೈಸೆ. ಒಳ್ಳೆಯ ಕ್ರಮವೇ. ಆದರೆ ಅಷ್ಟು ನೀರು ಇಳಿಸಿಕೊಳ್ಳಲು ಸಂಪು ಬೇಕು, ಕೈಯಲ್ಲಿ ಒಮ್ಮೆಗೇ 600 ರೂಪಾಯಿ ಬೇಕು. ವಠಾರದ ಒಂದು ಕೋಣೆಯ ಬಾಡಿಗೆದಾರರಿಗೆ ಎರಡೂ ಇಲ್ಲ. ಅವರು ಶುದ್ಧ ನೀರಿನ ಘಟಕದ ಮುಂದೆ ನಿಲ್ಲಬೇಕು. 20 ಲೀಟರ್ ಕ್ಯಾನು 5 ರೂಪಾಯಿಗೇ ಸಿಕ್ಕರೂ ಲೀಟರಿಗೆ 25 ಪೈಸೆ. ಕುಡಿಯುವ ನೀರಾದ್ದರಿಂದ ದರ ಹೆಚ್ಚೆನ್ನಬಹುದು, ಸರಿ. ಪಾತ್ರೆ ತೊಳೆಯಲೂ ಅದೇ ನೀರಾದಾಗ? ದಿನಗೂಲಿಯವರು ಸರದಿಯಲ್ಲಿ ನಿಂತು ತಡವಾದರೆ ಅಂದಿನ ಕೆಲಸವೇ ಹೋಯಿತು. ಹಾಗಾಗಿ ಮಗಳನ್ನು ನಿಲ್ಲಿಸುತ್ತಾರೆ. ಮಾರ್ಚ್ ಎಂದರೆ ಪರೀಕ್ಷೆಯ ತಿಂಗಳು. ನಮ್ಮಂಥ ಶಿಕ್ಷಕರಿಗೆ ಬರದ ಅಳತೆ ತಿಳಿಯುವುದು ಹಾಜರಿ ಪುಸ್ತಕದಲ್ಲಿ.

ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿ ಇರುವವರ ಕಥೆ ಇನ್ನೂ ಹಿಂದಿನಿಂದ ಶುರುವಾಗುತ್ತದೆ. ಊರಲ್ಲಿ ಬೆಳೆ ಒಣಗಿದರೆ ಮೊದಲು ಹಾಲು, ಬೇಳೆ ಕಡಿಮೆಯಾಗುತ್ತದೆ. ಆಮೇಲೆ ಕೈಸಾಲ. ಆಮೇಲೆ ಆಡು, ಎತ್ತು ಸಂತೆಗೆ ಹೋಗುತ್ತವೆ. ಎಲ್ಲರೂ ಒಟ್ಟಿಗೇ ಮಾರಲು ಬರುವುದರಿಂದ ದನದ ಬೆಲೆ ಬೀಳುತ್ತದೆ. ಅದೇ ಸಂತೆಯಲ್ಲಿ ಜೋಳದ ಬೆಲೆ ಏರಿರುತ್ತದೆ. ಮರುವರ್ಷ ಮಳೆ ಬಂದರೂ ಉಳಲು ಎತ್ತಿಲ್ಲ, ಸಾಲ ಮಾತ್ರ ಇದೆ. ಆಗ ಗಂಟುಮೂಟೆ ಕಟ್ಟಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಜೊತೆಗೆ ಬಂದ ಮಗುವಿನ ಹೆಸರು ಊರ ಶಾಲೆಯಲ್ಲೇ ಉಳಿಯುತ್ತದೆ.

ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ಸಂತೋಷ. ಆದರೆ ನಲ್ಲಿ ಸಂಪರ್ಕ ಪಡೆಯುವವರು ಮನೆಯ ಮಾಲೀಕರು, ಶೆಡ್ಡಿನಲ್ಲಿರುವವರಲ್ಲ.

ನಮ್ಮ ಸಂಘದಿಂದ ಆಗಬಹುದಾದ ಕೆಲಸ ಒಂದಿದೆ. ನಿಮ್ಮ ಬೀದಿಯಲ್ಲಿ ಅಂಥ ಮಗು ಕಂಡರೆ ಟಿ.ಸಿ. ಇಲ್ಲವೆಂದು ಸುಮ್ಮನಾಗಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಮಗುವಿಗೆ ಟಿ.ಸಿ. ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ, ವರ್ಷದ ನಡುವೆ ಬಂದರೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ತಂದೆತಾಯಿ ಕೂಲಿ ಬಿಟ್ಟು ಬರಲಾರರು. ನೀವು ಜೊತೆಯಲ್ಲಿ ಕರೆದುಕೊಂಡು ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ. ಜೂನ್ ತನಕ ಕಾಯಬೇಕಾಗಿಲ್ಲ.