ಮಳೆ ಬಂದ ಮೇಲೆ: ಫ್ರೇಸ್ ಯಾವುದು, ಕ್ಲಾಜ್ ಯಾವುದು?



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನಿಮ್ಮಲ್ಲಿ ಕೆಲವರಾದರೂ ಎಸ್.ಎಸ್.ಎಲ್.ಸಿ. ಮುಗಿಸಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರುವವರು. ಅಲ್ಲಿನ ಇಂಗ್ಲಿಷ್ ಪುಸ್ತಕಗಳಲ್ಲಿ ಒಂದೇ ವಾಕ್ಯಕ್ಕೆ ಎರಡು ಮೂರು ಕ್ರಿಯಾಪದಗಳಿರುತ್ತವೆ. ಯಾವ ಕ್ರಿಯೆ ಯಾರದೆಂದು ಬಿಡಿಸಲಾರದವನಿಗೆ ಭೌತಶಾಸ್ತ್ರವೂ ಕಬ್ಬಿಣದ ಕಡಲೆಯೇ.

ಸೂತ್ರ ನಿಮಗೆ ಬಾಯಿಪಾಠವಾಗಿದೆ. ಕರ್ತೃಪದವೂ ಪೂರ್ಣ ಕ್ರಿಯಾಪದವೂ ಇದ್ದರೆ ಕ್ಲಾಜ್, ಅಂದರೆ ಉಪವಾಕ್ಯ. ಇಲ್ಲದಿದ್ದರೆ ಫ್ರೇಸ್, ಅಂದರೆ ಪದಪುಂಜ. ಆದರೂ ಉತ್ತರ ತಪ್ಪುವುದೇಕೆ? ಕಾರಣ ನಮ್ಮ ಕನ್ನಡದ ವಾಕ್ಯರಚನೆಯಲ್ಲಿದೆ.

'ಮಳೆ ಬಂದ ಮೇಲೆ ರೈತನು ಕಡಲೆಕಾಯಿ ಬಿತ್ತಿದನು.' ಇಲ್ಲಿ ಪೂರ್ಣ ಕ್ರಿಯಾಪದ ಒಂದೇ, ಕೊನೆಯ 'ಬಿತ್ತಿದನು'. 'ಬಂದ' ಎಂಬುದು ಕೃದಂತ. ಅದು ವಾಕ್ಯವನ್ನು ಮುಗಿಸಲಾರದು. ಇಂಗ್ಲಿಷಿನಲ್ಲಿ ಇದು 'ಆಫ್ಟರ್ ಇಟ್ ರೇನ್ಡ್' ಆಗುತ್ತದೆ. 'ಆಫ್ಟರ್' ತೆಗೆದುಬಿಡಿ; 'ಇಟ್ ರೇನ್ಡ್' ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಆದ್ದರಿಂದ ಅದು ಕ್ಲಾಜ್. 'ಆಫ್ಟರ್ ದಿ ರೇನ್', ಅಂದರೆ 'ಮಳೆಯ ನಂತರ', ಫ್ರೇಸ್. ಅಲ್ಲಿ 'ರೇನ್' ಬರಿಯ ನಾಮಪದ. ಕನ್ನಡಕ್ಕೆ ತಿರುಗಿಸಿ ನೋಡುವವರಿಗೆ ಎರಡೂ ಅಪೂರ್ಣವಾಗಿಯೇ ಕೇಳಿಸುತ್ತವೆ, ಎರಡನ್ನೂ ಫ್ರೇಸ್ ಎಂದು ಬರೆದುಬಿಡುತ್ತಾರೆ.

ಅನುವಾದಕ್ಕಿಂತ ಒಳ್ಳೆಯ ಒರೆಗಲ್ಲು ಕಾಲ. ವಾಕ್ಯವನ್ನು ಇಂದಿನಿಂದ ನಿನ್ನೆಗೆ ಸರಿಸಿ, ಯಾವ ಪದ ರೂಪ ಬದಲಿಸುತ್ತದೆಂದು ನೋಡಿ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಒಬ್ಬ ಹುಡುಗ ಹತ್ತುತ್ತಿದ್ದಾನೆ ಎನ್ನಿ. 'ದಿ ಬಾಯ್ ಕ್ಲೈಂಬಿಂಗ್ ದಿ ಹಿಲ್ ಈಸ್ ಟೈರ್ಡ್.' ನಿನ್ನೆಗೆ ಸರಿಸಿದರೆ 'ಈಸ್' ಹೋಗಿ 'ವಾಸ್' ಬರುತ್ತದೆ. 'ಕ್ಲೈಂಬಿಂಗ್' ಮಾತ್ರ ಕದಲುವುದಿಲ್ಲ. ಹಾಗಾಗಿ 'ಕ್ಲೈಂಬಿಂಗ್ ದಿ ಹಿಲ್' ಫ್ರೇಸ್. 'ಹೂ ಈಸ್ ಕ್ಲೈಂಬಿಂಗ್ ದಿ ಹಿಲ್' ಎಂದಿದ್ದರೆ ಅದರೊಳಗಿನ 'ಈಸ್' ಕೂಡ 'ವಾಸ್' ಆಗಲೇಬೇಕು, ಅದು ಕ್ಲಾಜ್. ಕನ್ನಡದಲ್ಲಿ ಎರಡಕ್ಕೂ 'ಬೆಟ್ಟ ಹತ್ತುತ್ತಿರುವ' ಎಂಬ ಒಂದೇ ಮಾತು ಸಾಕು. ಅದಕ್ಕೇ ಉತ್ತರಪತ್ರಿಕೆಗಳಲ್ಲಿ 'ಹೂ ಕ್ಲೈಂಬಿಂಗ್' ಎಂಬ ಕ್ರಿಯಾಪದವಿಲ್ಲದ ವಿಚಿತ್ರ ಜೋಡಿ ಕಾಣಿಸಿಕೊಳ್ಳುತ್ತದೆ.

ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣ 'ಕ್ಲೈಂಬಿಂಗ್ ದಿ ಹಿಲ್' ಅನ್ನೂ ಒಂದು ಬಗೆಯ ಕ್ಲಾಜ್ ಎಂದೇ ಎಣಿಸುತ್ತದೆ. ಆ ಚರ್ಚೆ ಕಾಲೇಜಿಗಿರಲಿ. ಶಾಲೆಯ ವ್ಯಾಕರಣಕ್ಕೆ ಅದು ಫ್ರೇಸ್.

ಈಗ ಪೆನ್ಸಿಲ್ ಹಿಡಿಯಿರಿ. 'ಬಿಕಾಸ್ ಆಫ್ ದಿ ಡ್ರಾಟ್', 'ಬಿಕಾಸ್ ದಿ ಟ್ಯಾಂಕ್ ಈಸ್ ಡ್ರೈ'. ಟ್ಯಾಂಕ್ ಎಂದರೆ ಇಲ್ಲಿ ಕೆರೆ, ಡ್ರಾಟ್ ಎಂದರೆ ಬರ. ಎರಡನ್ನೂ ಹೋದ ವರ್ಷಕ್ಕೆ ಸರಿಸಿ ನೋಡಿ, ಯಾವುದರಲ್ಲಿ ಪದ ಬದಲಾಯಿತೋ ಅದರ ಕೆಳಗೆ ಗೆರೆ ಎಳೆಯಿರಿ.