ತಿಂದ ಹಣ್ಣು, ದಕ್ಕಿದ ಸತ್ವ



ಜಹೀರಾಬಾದಿನ ಸಂತೆಯಲ್ಲಿ ತಕ್ಕಡಿಯು ಪೇರಲದ ತೂಕವನ್ನು ಹೇಳುವುದೇ ಹೊರತು ಸತ್ವವನ್ನಲ್ಲ. ಹಣ್ಣಿನಲ್ಲಿ ಉತ್ಕರ್ಷಣ ನಿರೋಧಕಗಳೆಂಬ ದ್ರವ್ಯಗಳುಂಟು. ರಸ ಹಿಂಡಿ ಅಳೆದರೆ ಒಂದು ಅಂಕೆ ದೊರೆಯುವುದು. ಅದೆಲ್ಲವೂ ಮಗುವಿನ ಮೈಗೆ ದಕ್ಕುವುದೇ?

ಇದನ್ನರಿಯಲು ವಿಜ್ಞಾನಿಗಳು ಗಾಜಿನ ಪಾತ್ರೆಯಲ್ಲಿಯೇ ಹೊಟ್ಟೆಯನ್ನು ಹೂಡಿದ್ದಾರೆ. 2014ರಲ್ಲಿ ಹಲವು ದೇಶಗಳ ವಿದ್ವಾಂಸರು ಒಪ್ಪಿ ಪ್ರಕಟಿಸಿದ ಕ್ರಮದಂತೆ, ಅರೆದ ಹಣ್ಣನ್ನು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 2 ನಿಮಿಷ ಕೃತಕ ಲಾಲಾರಸದಲ್ಲಿಯೂ, 2 ಗಂಟೆ ಆಮ್ಲ ಹಾಗೂ ಪೆಪ್ಸಿನ್ನಿನಲ್ಲಿಯೂ, ತರುವಾಯ 2 ಗಂಟೆ ಪಿತ್ತ ಮತ್ತು ಮೇದೋಜೀರಕ ಕಿಣ್ವಗಳಲ್ಲಿಯೂ ಇಡುವರು. ಕಡೆಗೆ ದೊರೆತ ತಿಳಿಯನ್ನು ಡಿಪಿಪಿಎಚ್ ಎಂಬ ನೇರಳೆ ಬಣ್ಣದ ದ್ರಾವಣಕ್ಕೆ ಸೇರಿಸಿ, ಬಣ್ಣವು ಎಷ್ಟು ಮಾಸಿತೆಂದು ನೋಡುವುದು ಅಳೆಯುವ ಒಂದು ವಿಧಾನ. ನೇರಳೆ ಹಣ್ಣಿನ ವರ್ಣದ್ರವ್ಯ ಜಠರದ ಹುಳಿಯಲ್ಲಿ ಬಾಳುತ್ತದೆ, ಕರುಳಿನ ರಸದಲ್ಲಿ ಬಹಳಷ್ಟು ಕೆಡುತ್ತದೆ. ನಾರಿಗಂಟಿದ ಅಂಶ ದೊಡ್ಡಕರುಳಿನವರೆಗೂ ಬಿಡುಗಡೆಯಾಗದು.

ಗಾಜಿನ ಹೊಟ್ಟೆಗೆ ರಕ್ತವಿಲ್ಲ. ಆದುದರಿಂದ ಅದರ ಲೆಕ್ಕವೂ ಅರ್ಧ ಲೆಕ್ಕವೇ. ಶೀಶೆಯ ಮೇಲಿನ ದೊಡ್ಡ ಅಂಕೆಗೆ ಮರುಳಾಗಿ ದುಡ್ಡು ತೆರುವ ಪಾಲಕರು, ಅದನ್ನು ಜೀರ್ಣಕ್ಕೆ ಮೊದಲು ಅಳೆದರೋ ಆಮೇಲೆ ಅಳೆದರೋ ಎಂದು ಕೇಳಬೇಕು.

ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದಲ್ಲಿ ಇಂಥದೇ ಪರೀಕ್ಷೆಯಿಂದ, ನಿಂಬೆಯ ಆಮ್ಲ ಬೆರೆತರೆ ಧಾನ್ಯ-ಬೇಳೆಗಳ ಕಬ್ಬಿಣವು ಹೆಚ್ಚು ಬಿಡುಗಡೆಯಾಗುವುದನ್ನು ಕಂಡಿದ್ದಾರೆ. ನಮ್ಮ ಮಕ್ಕಳ ಬುತ್ತಿಯಲ್ಲಿ ಜೋಳದ ರೊಟ್ಟಿಯೂ ತಾಂಡೂರಿನ ತೊಗರಿಬೇಳೆಯೂ ಇವೆ. ನಿಂಬೆಯ ಹೋಳೊಂದನ್ನು ಇಡಲು ತಾಯಂದಿರು ಮರೆಯದಿರಲಿ.