ಮುಂಜಾನೆ ಸೆಲ್ಫ್ ಹೊಡೆದಾಗ ಎರಡು ಸೆಕೆಂಡಿನ ಗಡಗಡ

ಈ ಸಲದ ಮಾತು ಒಂದು ಸದ್ದಿನ ಬಗ್ಗೆ. ಮುಂಜಾನೆ ಕಾರಿಗೆ ಸೆಲ್ಫ್ ಹೊಡೀತೀರಿ, ಎಂಜಿನ್ ಚಾಲೂ ಆಗ್ತದೆ, ಅದೇ ಹೊತ್ತಿಗೆ ಬಾನೆಟ್ ಒಳಗಿಂದ ಗಡಗಡಗಡ ಅಂತ ಸದ್ದು. ತಗಡಿನ ಡಬ್ಬಿಯೊಳಗೆ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಏನಾಯ್ತು ಅಂತ ಕಿವಿ ಕೊಡೋದ್ರೊಳಗೆ ನಿಂತುಬಿಡ್ತದೆ. ಆಮೇಲೆ ದಿನವಿಡೀ ಗಾಡಿಯದು ಏನೂ ತಕರಾರಿಲ್ಲ. ಗ್ಯಾರೇಜಿಗೆ ಒಯ್ದರೆ ಸದ್ದೇ ಬರೋದಿಲ್ಲ, ಯಾಕಂದ್ರೆ ಅಲ್ಲಿ ಮುಟ್ಟೋ ಹೊತ್ತಿಗೆ ಎಂಜಿನ್ ಬಿಸಿಯಾಗಿರ್ತದೆ.

ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಗಾಡಿ ರಿಪೇರಿ ಮಾಡುವವನು. ಈ ಸದ್ದಿನ ದೂರು ತಂದವರಲ್ಲಿ ಎರಡು ಥರದವರನ್ನು ನೋಡಿದ್ದೇನೆ. ಒಬ್ಬರು ‘ಎಲ್ಲಾ ಗಾಡೀದೂ ಹಂಗ ಇರ್ತದ ಬಿಡ್ರಿ’ ಅಂತ ವರ್ಷಗಟ್ಟಲೆ ಓಡಿಸುವವರು. ಇನ್ನೊಬ್ಬರು ಯಾರೋ ಹೆದರಿಸಿದರು ಅಂತ ಮರುದಿನವೇ ಎಂಜಿನ್ ಬಿಚ್ಚಿಸುವವರು. ಇಬ್ಬರಿಗೂ ದುಡ್ಡು ಹೋಗುವ ಸಾಧ್ಯತೆ ಇದೆ. ಮೊದಲನೆಯವರಿಗೆ ಒಮ್ಮೊಮ್ಮೆ ಎಂಜಿನ್ನೇ ಹೋಗ್ತದೆ.

ಮೊದಲು ಒಂದು ವಿಷಯ. ‘ತಣ್ಣನೆಯ ಎಂಜಿನ್’ ಅಂದ್ರೆ ಹಿಮ ಬೀಳೋ ಚಳಿ ಬೇಕಾಗಿಲ್ಲ. ನಮ್ಮ ಕಡೆ ಏಪ್ರಿಲ್ ಬಿಸಿಲು ಹೆಂಗಿರ್ತದೆ ಅಂತ ನಿಮಗೆ ಗೊತ್ತು. ಆ ಏಪ್ರಿಲ್‌ನಲ್ಲೂ ರಾತ್ರಿಯಿಡೀ ನಿಂತ ಎಂಜಿನ್ ತಣ್ಣನೆಯ ಎಂಜಿನ್ನೇ. ಇಲ್ಲಿ ಚಳಿಗಿಂತ ಮುಖ್ಯವಾದದ್ದು ನಿಂತ ಹೊತ್ತು. ಗಾಡಿ ಬಂದ್ ಮಾಡಿದ ಮೇಲೆ ಮೇಲಿನ ಭಾಗದ ಆಯಿಲ್ ನಿಧಾನವಾಗಿ ಇಳಿದು ಕೆಳಗಿನ ಚೇಂಬರ್ ಸೇರ್ತದೆ. ಮುಂಜಾನೆ ಎಂಜಿನ್ ತಿರುಗಿದಾಗ ಆಯಿಲ್ ಪಂಪು ಅದನ್ನು ಮತ್ತೆ ಎಳೆದು, ಫಿಲ್ಟರ್ ದಾಟಿಸಿ, ಸಣ್ಣ ದಾರಿಗಳಲ್ಲಿ ಮೇಲಕ್ಕೆ ಒತ್ತಬೇಕು. ಇದಕ್ಕೆ ಒಂದೆರಡು ಸೆಕೆಂಡು ಹಿಡೀತದೆ. ನಿಮಗೆ ಕೇಳಿಸೋ ಗಡಗಡ ಹೆಚ್ಚಾಗಿ ಆ ಸೆಕೆಂಡುಗಳದ್ದೇ.

ಆ ಹೊತ್ತಿನಲ್ಲಿ ಒಳಗೆ ಏನು ಬಡೀತಿರ್ತದೆ? ಹೆಚ್ಚಾಗಿ ಟೈಮಿಂಗ್ ಚೈನ್. ಕೆಳಗಿನ ಕ್ರ್ಯಾಂಕ್ ತಿರುಗೋದಕ್ಕೂ ಮೇಲಿನ ವಾಲ್ವ್ ತೆರೆಯೋದಕ್ಕೂ ಲೆಕ್ಕ ತಪ್ಪದಂತೆ ಹಿಡಿದಿರೋದು ಈ ಚೈನು. ಹಳೇ ಮಾರುತಿ 800ರಲ್ಲಿ ಇದೇ ಕೆಲಸಕ್ಕೆ ರಬ್ಬರ್ ಬೆಲ್ಟ್ ಇತ್ತು, ಹಾಗಾಗಿ ನಿಮ್ಮ ಅಪ್ಪಾಜಿಗೆ ಕೇಳಿದರೆ ‘ನಮ್ಮ ಕಾಲಕ್ಕ ಇಂಥಾ ಸದ್ದು ಇರಲಿಲ್ಲ’ ಅಂದಾರು. ಅದು ಖರೆ. ಈಗಿನ ಬಹಳಷ್ಟು ಪೆಟ್ರೋಲ್ ಕಾರುಗಳಲ್ಲಿ, ಹಾಗೇ 2020ರವರೆಗೆ ಸ್ವಿಫ್ಟ್, ಡಿಸೈರ್‌ಗಳಲ್ಲಿ ಬರ್ತಿದ್ದ ಫಿಯಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಇರೋದು ಚೈನು. ಸೈಕಲ್ ಚೈನಿನ ಹಾಗೆ ಇದೂ ಸಡಿಲ ಆಗಬಾರದು. ಸಡಿಲ ಆಗದಂತೆ ಒತ್ತಿ ಹಿಡಿಯೋಕೆ ಟೆನ್ಷನರ್ ಅಂತ ಒಂದು ಪುಟ್ಟ ಸಾಧನ. ಅದರೊಳಗೊಂದು ಕಡ್ಡಿ, ಹಿಂದೆ ಸ್ಪ್ರಿಂಗು, ಜೊತೆಗೆ ಆಯಿಲ್ ಒತ್ತಡ. ಆಯಿಲ್ ಬರೋವರೆಗೆ ಸ್ಪ್ರಿಂಗ್ ಒಂದೇ ಹಿಡಿಯಬೇಕು. ಅದಕ್ಕೆ ಆಗದಿದ್ದರೆ ಚೈನು ಬಳುಕಿ ಪಕ್ಕದ ಪ್ಲಾಸ್ಟಿಕ್ ಗೈಡಿಗೆ ಬಡೀತದೆ. ಆಯಿಲ್ ಬಂತು, ಬಿಗಿಯಾಯ್ತು, ಸದ್ದು ಬಂದ್.

ಚೈನು ಒಂದೇ ಅಲ್ಲ. ವಾಲ್ವ್ ಟೈಮಿಂಗನ್ನು ಓಡುವಾಗಲೇ ಹಿಂದೆಮುಂದೆ ಮಾಡೋ ವಿವಿಟಿ ಇರೋ ಗಾಡಿಗಳಲ್ಲಿ ಕ್ಯಾಮಿನ ತುದಿಗೆ ಫೇಸರ್ ಇರ್ತದೆ. ಅದರ ಲಾಕ್ ಪಿನ್ ಸವೆದಿದ್ದರೂ ಆಯಿಲ್ ಬರೋವರೆಗೆ ಅದು ಲಟಲಟ ಅಂತದೆ. ಹೈಡ್ರಾಲಿಕ್ ಟ್ಯಾಪೆಟ್ ಇದ್ದರೆ ಟಿಕ್‌ಟಿಕ್ ಅಂತ ಹಗುರ ಸದ್ದು ಬರ್ತದೆ. ಇವೆಲ್ಲ ಆಯಿಲ್ಲಿಗಾಗಿ ಕಾಯುವವರ ಗುಂಪು.

ಇನ್ನು ಆಯಿಲ್ಲಿಗೆ ಸಂಬಂಧವೇ ಇಲ್ಲದ ಗುಂಪು ಒಂದಿದೆ. ಎಂಜಿನ್ ಬಿಚ್ಚಿಸೋ ಮೊದಲು ಇವನ್ನು ದಾಟಿ ಬರಬೇಕು. ಸೈಲೆನ್ಸರ್ ಪೈಪಿನ ಮೇಲಿನ ತಗಡಿನ ಶೀಲ್ಡ್ ನಟ್ಟು ಸಡಿಲಾದರೆ ಚಾಲೂ ಆದ ನಡುಕಕ್ಕೆ ಝಣಝಣ ಅಂತದೆ. ಇಳಕಲ್ಲಿನ ಗ್ರಾನೈಟ್ ಕ್ವಾರಿ ಕಡೆ ಓಡಾಡುವ ಗಾಡಿಗಳಲ್ಲಿ ಆ ಶೀಲ್ಡಿನ ಸಂದಿಗೆ ಸಿಕ್ಕ ಜಲ್ಲಿಕಲ್ಲನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ತೆಗೆದಿದ್ದೇನೆ. ಅಲ್ಲಿಗೆ ರಿಪೇರಿ ಮುಗೀತು, ಒಂದು ಚಹಾದ ಖರ್ಚು. ಒಂದು ಗಾಡಿಯ ಎಂಜಿನ್ ಕವರ್ ಕೆಳಗೆ ಇಲಿ ಗೂಡು ಕಟ್ಟಿ ಬೊಗಸೆಗಟ್ಟಲೆ ಶೇಂಗಾ ಸಿಪ್ಪೆ ತುಂಬಿಟ್ಟಿತ್ತು. ನಗಬೇಡ್ರಿ, ಇಲಿ ವೈರನ್ನೂ ಕಡೀತದೆ.

ಸದ್ದು ಎರಡು ಸೆಕೆಂಡಲ್ಲ, ಎರಡು ಮೂರು ನಿಮಿಷ ಇದ್ದು, ಎಂಜಿನ್ ಬಿಸಿಯಾಗ್ತಾ ಬಂದ ಹಾಗೆ ಕರಗಿದರೆ ವಿಚಾರ ಬೇರೆ. ಸವೆದ ಸಿಲಿಂಡರಿನಲ್ಲಿ ಪಿಸ್ಟನ್ ಅಲ್ಲಾಡೋದು ಹಾಗೆ ಕೇಳ್ತದೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಆಗಿದ್ದರೂ ಹಾಗೇ. ಕ್ಲಚ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕೇಳಿದರೆ ಗೇರ್‌ಬಾಕ್ಸ್ ಕಡೆ ನೋಡಬೇಕು. ಇವತ್ತು ಅವುಗಳ ಕಡೆ ಹೋಗೋದಿಲ್ಲ.

ಈಗ ನಿಮ್ಮ ಕೈಯಲ್ಲಿರೋ ಮೊಬೈಲಿನ ಕೆಲಸ. ಗಾಡಿ ರಾತ್ರಿಯಿಡೀ ನಿಂತಿರಲಿ. ಮುಂಜಾನೆ ಬಾನೆಟ್ ಎತ್ತಿ, ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೀರಿ. ಗೆಳೆಯನಿಗೆ ಸೆಲ್ಫ್ ಹೊಡೆಯೋಕೆ ಹೇಳಿ ನೀವು ವಿಡಿಯೋ ಮಾಡ್ರಿ. ವಾಯ್ಸ್ ಮೆಸೇಜ್ ಬೇಡ. ಮಾತಲ್ಲದ ಸದ್ದನ್ನು ಫೋನು ಗಲಾಟೆ ಅಂತ ತಿಳಿದು ಅಳಿಸಿಬಿಡಬಹುದು, ನಮಗೆ ಬೇಕಾಗಿರೋದು ಆ ಗಲಾಟೆಯೇ. ಒಂದು ದಿನ ಬೆಲ್ಟ್ ಇರೋ ಬದಿಯಿಂದ, ಇನ್ನೊಂದು ದಿನ ಗೇರ್‌ಬಾಕ್ಸ್ ಬದಿಯಿಂದ ತೆಗೀರಿ. ಚೈನು ಇರೋದು ಸಾಮಾನ್ಯವಾಗಿ ಬೆಲ್ಟ್ ಬದಿಯಲ್ಲಿ. ಕುತ್ತಿಗೆಯಲ್ಲಿ ಇಯರ್‌ಫೋನ್ ವೈರು, ಓಢಣಿ, ಟವೆಲ್ ಜೋತು ಬೀಳೋದು ಬೇಡ, ಬೆಲ್ಟು, ಫ್ಯಾನು ಎಳ್ಕೊಂಡ್ರೆ ಬಿಡೋದಿಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಂತೂ ಬೇಡವೇ ಬೇಡ, ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಆಮೇಲೆ ಆ ವಿಡಿಯೋದಲ್ಲಿ ಸದ್ದು ಎಷ್ಟು ಸೆಕೆಂಡ್ ಇತ್ತು ಅಂತ ಎಣಿಸಿ ಬರೆದಿಡ್ರಿ. ನನಗೆ ಎಲ್ಲಕ್ಕಿಂತ ಉಪಯೋಗ ಆಗೋದು ಈ ಅಂಕಿ. ಹಾಗೇ ಒಂದು ತಾಸು ನಿಂತ ಮೇಲೆ ಹೆಂಗಿದೆ, ನಾಲ್ಕು ತಾಸಿಗೆ ಹೆಂಗಿದೆ ಅಂತ ನೋಡ್ರಿ. ರಾತ್ರಿಯಿಡೀ ನಿಂತಾಗ ಮಾತ್ರ ಬಂದರೆ ಆಯಿಲ್ ಇಳಿದುಹೋಗೋದರ ಮೇಲೆ ಅನುಮಾನ. ಅರ್ಧ ತಾಸಿಗೂ ಬಂದರೆ, ಅಥವಾ ಬಿಸಿ ಎಂಜಿನ್ನಿನಲ್ಲೂ ಆಗಾಗ ಕೇಳಿದರೆ ಚೈನು, ಟೆನ್ಷನರ್ ಮೇಲೆ ಅನುಮಾನ ಜಾಸ್ತಿ.

ಹುನಗುಂದದ ಹುಡುಗನೊಬ್ಬ ಇಳಕಲ್ ಸೀರೆ ಗಂಟು ಹೇರಿಕೊಂಡು ಊರೂರು ತಿರುಗುವವನು. ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು, ಅದೇ ಅವನ ಅಂಗಡಿ. ಒಂದು ಗ್ಯಾರೇಜಿನಲ್ಲಿ ‘ಚೈನ್ ಕಿಟ್ ಪೂರಾ ಬದಲಿಸಬೇಕು, 38,000’ ಅಂದಿದ್ದರು. ಅಷ್ಟು ದುಡ್ಡಿಗೆ ಬಡ್ಡಿ ಸಾಲ ಎತ್ತೋಕೆ ಹೊರಟಿದ್ದ. ‘ಅಣ್ಣಾರ, ಗಾಡಿ ಒಂದು ವಾರ ನಿಂತ್ರ ನನ್ನ ವ್ಯಾಪಾರ ಹೋತು’ ಅಂತ ಫೋನ್ ಮಾಡಿದ. ವಿಡಿಯೋ ಕಳಿಸೋಕೆ ಹೇಳಿದೆ. ಮೂರು ದಿನದ ಮೂರು ವಿಡಿಯೋ, ಮೂರರಲ್ಲೂ ಎರಡು ಸೆಕೆಂಡು, ಹೆಚ್ಚಿಲ್ಲ ಕಡಿಮೆ ಇಲ್ಲ. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಬರೋದೇ ಇಲ್ಲ. ‘ಸಾಲ ತಗೋಬ್ಯಾಡ, ಮೊದಲು ಗಾಡಿ ತಗೊಂಡು ಬಾ ತಮ್ಮಾ’ ಅಂದೆ.

ಬಂದ. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಕೆಳಗಿನ ಗೆರೆಗಿಂತ ಸ್ವಲ್ಪ ಮೇಲೆ. ಹಾಕಿದ್ದು 20ಡಬ್ಲ್ಯೂ-40. ಫಿಲ್ಟರ್ ನೋಡಿದರೆ ಅಸಲಿ ಡಬ್ಬಿಯಂತೆ ಬಣ್ಣ ಬಳಿದ ನಕಲಿ.

ಇಲ್ಲಿ ಫಿಲ್ಟರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅಡ್ಡವಾಗಿ ಅಥವಾ ತಲೆಕೆಳಗಾಗಿ ಕೂಡುವ ಡಬ್ಬಿ ಫಿಲ್ಟರಿನೊಳಗೆ ಒಂದು ರಬ್ಬರಿನ ಬಿಲ್ಲೆ ಇರ್ತದೆ. ಎಂಜಿನ್ ನಿಂತಾಗ ಅದು ಬಾಯಿ ಮುಚ್ಚಿ ಡಬ್ಬಿಯೊಳಗಿನ ಆಯಿಲ್ ಹಿಂದಕ್ಕೆ ಹರಿಯದಂತೆ ಹಿಡೀತದೆ. ಅಗ್ಗದ ಫಿಲ್ಟರಿನಲ್ಲಿ ಆ ರಬ್ಬರು ಬಿಸಿಗೆ ಬೇಗ ಗಟ್ಟಿಯಾಗಿ ಬಾಯಿ ಸರಿಯಾಗಿ ಮುಚ್ಚೋದಿಲ್ಲ. ರಾತ್ರಿ ಡಬ್ಬಿ ಖಾಲಿ. ಮುಂಜಾನೆ ಪಂಪು ಮೊದಲು ಆ ಡಬ್ಬಿ ತುಂಬಿಸಿ, ಆಮೇಲೆ ಮೇಲಕ್ಕೆ ಕಳಿಸಬೇಕು. ಆ ಹೆಚ್ಚಿನ ಹೊತ್ತೇ ಗಡಗಡ.

ಆಯಿಲ್ಲಿನ ನಂಬರಿನದೂ ಒಂದು ಕಥೆ. ‘ನಮ್ಮದು ಬಿಸಿಲಿನ ಊರು, ದಪ್ಪ ಆಯಿಲ್ ಚಲೋ’ ಅಂತ ಟ್ರ್ಯಾಕ್ಟರಿಗೆ ತಂದ 20ಡಬ್ಲ್ಯೂ-40 ಕಾರಿಗೂ ಸುರಿಯೋರು ನಮ್ಮಲ್ಲಿ ಇದ್ದಾರೆ. ಡಬ್ಲ್ಯೂ ಮುಂದಿನ ಅಂಕಿ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರೀತದೆ ಅನ್ನೋದಕ್ಕೆ. 5ಡಬ್ಲ್ಯೂ ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷೆ ಮಾಡಿರ್ತಾರೆ, 20ಡಬ್ಲ್ಯೂ ಆಯಿಲನ್ನು ಮೈನಸ್ 15ರಲ್ಲಿ. ಹಿಂದಿನ ಅಂಕಿ 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳೀತದೆ ಅನ್ನೋದಕ್ಕೆ. ಬಾಗಲಕೋಟೆಯಲ್ಲಿ ಮೈನಸ್ ಎಲ್ಲಿಂದ ಬರಬೇಕು ಅಂತ ಕೇಳ್ತೀರಿ. ಬರೋದಿಲ್ಲ. ಆದರೆ ಮುಂಜಾನೆಯ ಹದಿನೈದಿಪ್ಪತ್ತು ಡಿಗ್ರಿಯಲ್ಲೂ 20ಡಬ್ಲ್ಯೂ ಮಂದವಾಗೇ ಇರ್ತದೆ, ಮೇಲೆ ಮುಟ್ಟೋಕೆ ತಡ ಮಾಡ್ತದೆ. ಬಿಸಿಲಿನ ಲೆಕ್ಕ ಕಂಪನಿಯವರು ಹಾಕಿಯೇ ನಂಬರ್ ಕೊಟ್ಟಿರ್ತಾರೆ. ಗಾಡಿಯ ಪುಸ್ತಕದಲ್ಲಿ 5ಡಬ್ಲ್ಯೂ-30 ಅಂತಿದ್ದರೆ ಅದನ್ನೇ ಹಾಕ್ರಿ. ಈಗಿನ ಹಲವು ಪೆಟ್ರೋಲ್ ಎಂಜಿನ್ನುಗಳಿಗೆ 0ಡಬ್ಲ್ಯೂ-20 ಬರೆದಿರ್ತದೆ, ಅದು ‘ನೀರಿನಂಗ ಅದ’ ಅಂತ ಹೆದರಬೇಕಾಗಿಲ್ಲ.

ಹುನಗುಂದದ ಹುಡುಗನ ಗಾಡಿಗೆ ಅಸಲಿ ಫಿಲ್ಟರ್, ಪುಸ್ತಕದಲ್ಲಿದ್ದ ಆಯಿಲ್ ಹಾಕಿದೆವು. ಮರುದಿನ ಮುಂಜಾನೆ ವಿಡಿಯೋ ಬಂತು. ಸದ್ದಿಲ್ಲ. ನಂಬಿಕೆ ಸಾಲದೆ ಇನ್ನೂ ನಾಲ್ಕು ದಿನ ಕಳಿಸೋಕೆ ಹೇಳಿದೆ. ಆಗಲೂ ಇಲ್ಲ.

ಎಲ್ಲಾ ಸಲ ಹೀಗೇ ಮುಗಿಯೋದಿಲ್ಲ. ವಿದ್ಯಾಗಿರಿಯಲ್ಲೇ ಒಬ್ಬ ಮೇಷ್ಟ್ರ ಪೆಟ್ರೋಲ್ ಕಾರು. ದೀಪಾವಳಿ ಹೊತ್ತಿಗೆ ಒಂದು ಸೆಕೆಂಡಿನ ಸದ್ದು, ಸಂಕ್ರಾಂತಿಗೆ ಮೂರು, ಯುಗಾದಿಗೆ ಐದಾರು. ಬೆಳೀತಾ ಹೋಗೋ ಸದ್ದಿಗೆ ಹೆದರಲೇಬೇಕು. ಫಿಲ್ಟರ್, ಆಯಿಲ್ ಬದಲಿಸಿದರೂ ತಗ್ಗಲಿಲ್ಲ. ಸ್ಕ್ಯಾನರ್ ಹಾಕಿದರೆ ಪಿ0016, ಅಂದ್ರೆ ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರುಗಳ ಲೆಕ್ಕ ತಾಳೆ ಆಗ್ತಿಲ್ಲ. ಈ ಕೋಡ್ ಸೆನ್ಸರ್, ವೈರಿಂಗ್, ವಿವಿಟಿ ಕೆಟ್ಟಾಗಲೂ ಬರಬಹುದು, ಹಾಗಾಗಿ ಅದೊಂದನ್ನೇ ನೋಡಿ ಚೈನ್ ಬಿಚ್ಚಬಾರದು. ಆಯಿಲ್ ಒತ್ತಡವನ್ನು ಗೇಜ್ ಹಾಕಿ ಅಳೆದೆವು, ಸರಿ ಇತ್ತು. ಸೆನ್ಸರೂ ಸರಿ ಇದ್ದವು. ಕವರ್ ಬಿಚ್ಚಿದರೆ ಟೆನ್ಷನರಿನ ಕಡ್ಡಿ ಕೊನೆಯವರೆಗೆ ಹೊರಗೆ ಬಂದು ನಿಂತಿತ್ತು. ಗೈಡಿನ ಪ್ಲಾಸ್ಟಿಕ್ ಚೂರು ಕೆಳಗೆ ಚೇಂಬರಿನಲ್ಲಿ. ಚೈನು ಒಂದೆರಡು ಹಲ್ಲು ಹಾರಿದ್ದರೆ ವಾಲ್ವು ಹೋಗಿ ಪಿಸ್ಟನ್ನಿಗೆ ಬಡೀತಿತ್ತು. ಆಮೇಲೆ ಅದು ಎಂಜಿನ್ ಹೆಡ್ಡಿನ ಖರ್ಚು, ಹೈವೇದ ಮೇಲೆ ಹಾರಿದರೆ ಜೀವದ ಪ್ರಶ್ನೆಯೂ ಹೌದು. ಮೇಷ್ಟ್ರಿಗೆ ಚೈನು, ಗೈಡು, ಟೆನ್ಷನರ್ ಮೂರನ್ನೂ ಒಟ್ಟಿಗೇ ಹಾಕಿದೆವು. ಹಳೇ ಚೈನಿಗೆ ಹೊಸ ಟೆನ್ಷನರ್ ಒಂದೇ ಹಾಕಿ ಕಳಿಸೋದನ್ನು ನಾನು ಒಪ್ಪೋದಿಲ್ಲ.

ಅವರು ಕೇಳಿದರು, ‘ಗಾಡಿ ಎಷ್ಟೂ ಓಡಿಸೂದಿಲ್ಲಲ್ಲರಿ, ಸವೆದದ್ದು ಹೆಂಗ?’ ಕಡಿಮೆ ಓಡಿಸೋದೇ ಒಂದು ಕಾರಣ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಭಾಗ ಹೋಗಿ ನವನಗರ ಕಟ್ಟಿದ ಮೇಲೆ ನಮ್ಮದು ಮೂರು ತುಂಡಿನ ಊರು. ಹಳೇ ಬಾಗಲಕೋಟೆ, ವಿದ್ಯಾಗಿರಿ, ನವನಗರ ಅಂತ ನಾಲ್ಕಾರು ಕಿಲೋಮೀಟರ್ ಓಡಿಸಿ ನಿಲ್ಲಿಸ್ತೀವಿ, ಮತ್ತೆ ಚಾಲೂ ಮಾಡ್ತೀವಿ. ಆಯಿಲ್ ಪೂರ್ತಿ ಬಿಸಿಯಾಗೋದೇ ಇಲ್ಲ, ಅದರೊಳಗೆ ಸೇರಿದ ನೀರಿನಂಶ, ಪೆಟ್ರೋಲಿನಂಶ ಆರೋದಿಲ್ಲ. ಇಂಥ ಗಾಡಿಗೆ ಕಿಲೋಮೀಟರ್ ಆಗಿಲ್ಲ ಅಂತ ಕಾಯದೆ ತಿಂಗಳ ಲೆಕ್ಕದಲ್ಲಿ ಆಯಿಲ್ ಬದಲಿಸಬೇಕು.

ಇನ್ನೊಂದು ಮಾತು. ಸದ್ದು ಬರ್ತಿರುವಾಗ ಎಕ್ಸಲೇಟರ್ ಒತ್ತಿ ‘ರೇಸ್’ ಮಾಡೋ ಚಟ ಕೆಲವರಿಗೆ. ಆಯಿಲ್ ಮುಟ್ಟದ ಹೊತ್ತಲ್ಲಿ ಜೋರು ತಿರುಗಿಸಿದರೆ ಸವೆಯೋದು ಜಾಸ್ತಿ. ಚಾಲೂ ಮಾಡಿ, ಸೀಟ್ ಬೆಲ್ಟ್ ಹಾಕೋಷ್ಟು ಹೊತ್ತು ಬಿಟ್ಟು, ನಿಧಾನಕ್ಕೆ ಹೊರಡ್ರಿ. ಹತ್ತು ನಿಮಿಷ ನಿಂತಲ್ಲೇ ಬಿಸಿ ಮಾಡೋದೂ ಬೇಕಾಗಿಲ್ಲ. ಕೆಂಪು ಆಯಿಲ್ ದೀಪ ಒಂದೆರಡು ಸೆಕೆಂಡಿಗೆ ಆರದಿದ್ದರೆ ಮಾತ್ರ ಕೂಡಲೇ ಬಂದ್ ಮಾಡ್ರಿ, ಆ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಬರಬೇಡ್ರಿ, ಎಳೆಸಿಕೊಂಡು ಬರ್ರಿ.

ಕೊನೆಗೆ, ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೊರಟವರಿಗೆ. ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನ ಹುಡುಗರು ನೌಕರಿ ಸಿಕ್ಕ ಕೂಡಲೇ ಮೊದಲು ಕೇಳೋದು ಇದನ್ನೇ. ಮಾರೋರ ಮನೆಗೆ ಹೋದಾಗ ಪೇಂಟ್ ನೋಡೋಕೆ ಮುಂಚೆ ಬಾನೆಟ್ ಮೇಲೆ ಕೈ ಇಡ್ರಿ. ಬಿಸಿ ಇದ್ದರೆ ನೀವು ಬರೋಕಿಂತ ಮೊದಲೇ ಚಾಲೂ ಮಾಡಿಟ್ಟಿದ್ದಾರೆ ಅಂತ. ಜಗಳ ಬೇಡ. ‘ನಾಳೆ ಮುಂಜಾನೆ ಬರ್ತೀನ್ರಿ ಕಾಕಾ, ನಾ ಬರೂಮಟಾ ಚಾಲೂ ಮಾಡಬ್ಯಾಡ್ರಿ’ ಅಂತ ಹೇಳಿ ಎದ್ದು ಬರ್ರಿ. ಮರುದಿನ ಹೋದಾಗಲೂ ಬಾನೆಟ್ ಬಿಸಿ ಇದ್ದರೆ, ಬೇರೆ ಗಾಡಿ ನೋಡ್ರಿ.

ಮುಂದಿನ ಕಂತಿನಲ್ಲಿ ಕ್ಲಚ್ ವಾಸನೆ ಬಗ್ಗೆ ಮಾತಾಡೋಣ. ಬರ್ತೀನ್ರಿ.